ಮೂರು ಸುದ್ದಿಗಳು ಒಟ್ಟಿಗೆ ಬಂದಾಗ

ಆದಿಪುರಾಣದಲ್ಲಿ ಭರತ ಚಕ್ರವರ್ತಿಗೆ ಏಕಕಾಲಕ್ಕೆ ಮೂರು ವಾರ್ತೆಗಳು ಬಂದ ಪ್ರಸಂಗವನ್ನು ದಶಲಕ್ಷಣ ಪರ್ವದ ಪ್ರವಚನಗಳಲ್ಲಿ ಒಮ್ಮೆಯಾದರೂ ಕೇಳದ ಶ್ರಾವಕ-ಶ್ರಾವಿಕೆಯರು ವಿರಳ. ಧರ್ಮಾಧಿಕಾರಿಯು ಬಂದು, ತಂದೆಯವರಾದ ವೃಷಭಸ್ವಾಮಿಗೆ ಕೇವಲಜ್ಞಾನ ಉಂಟಾಯಿತೆಂದು ತಿಳಿಸುತ್ತಾನೆ. ಆಯುಧಾಗಾರದ ಪಾಲಕನು ಚಕ್ರರತ್ನ ಉದಿಸಿತೆಂದು ಹೇಳುತ್ತಾನೆ. ಅಂತಃಪುರದ ಕಂಚುಕಿಯು ಪುತ್ರಜನ್ಮದ ವಾರ್ತೆಯನ್ನು ತರುತ್ತಾನೆ. ಭರತನು ಧರ್ಮಕಾರ್ಯವೇ ಮೊದಲೆಂದು ನಿಶ್ಚಯಿಸಿ ಸಮವಸರಣಕ್ಕೆ ತೆರಳುತ್ತಾನೆ. ಪ್ರವಚನಕಾರರು ಇಲ್ಲಿಗೆ ಕಥೆಯನ್ನು ನಿಲ್ಲಿಸಿ, ಸಮ್ಯಗ್ದೃಷ್ಟಿಯಾದವನಿಗೆ ಯಾವ ಗೊಂದಲವೂ ಇಲ್ಲವೆಂದು ಉಪದೇಶಿಸುತ್ತಾರೆ. ಸಭೆಯು ಜಯಕಾರ ಮಾಡುತ್ತದೆ. ನಾನೂ ಅನೇಕ ವರ್ಷ ಹೀಗೆಯೇ ಕೇಳಿದವನು. ನಾಲ್ಕಾರು ಸಭೆಗಳಲ್ಲಿ ಹೀಗೆಯೇ ಹೇಳಿದವನೂ ಹೌದು. ಆ ಓದಿನಲ್ಲಿ ಒಂದು ದೊಡ್ಡ ಲೋಪವಿದೆಯೆಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಒಂಬತ್ತನೆಯ ಶತಮಾನದ ಆಚಾರ್ಯ ಜಿನಸೇನರು ತಮ್ಮ ಸಂಸ್ಕೃತ ಆದಿಪುರಾಣದ 24ನೆಯ ಪರ್ವದ ಆರಂಭದಲ್ಲಿಯೇ ಈ ಪ್ರಸಂಗವನ್ನು ಇರಿಸಿದ್ದಾರೆ. ಸುದ್ದಿಗಳು ಬಂದ ಕೂಡಲೇ ಅವರ ಭರತನು ಎದ್ದು ಹೊರಡುವುದಿಲ್ಲ. ಮೂರೂ ಒಟ್ಟಿಗೆ ಬಂದುದರಿಂದ ಅವನು ಕ್ಷಣಕಾಲ ಪರ್ಯಾಕುಲನಾದಂತೆ ಇದ್ದನೆಂದೂ, ಇವುಗಳಲ್ಲಿ ಮೊದಲು ಮಾಡತಕ್ಕದ್ದು ಯಾವುದೆಂದು ಯೋಚಿಸಿದನೆಂದೂ ಆಚಾರ್ಯರು ಹೇಳುತ್ತಾರೆ. ಪರ್ಯಾಕುಲ ಎಂದರೆ ಎಲ್ಲ ಕಡೆಯಿಂದಲೂ ಕಲಕಿಹೋದ ಸ್ಥಿತಿ. ಬಂದ ಮೂರು ಸುದ್ದಿಗಳಲ್ಲಿ ಒಂದಾದರೂ ಕೆಟ್ಟದ್ದಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಸಂತೋಷವೇ ಮೂರು ಬಾಗಿಲುಗಳಿಂದ ಒಳಹೊಕ್ಕರೂ ಮನಸ್ಸು ತಡವರಿಸುತ್ತದೆ; ಷಟ್ಖಂಡಾಧಿಪತಿಯಾಗಲಿದ್ದವನ ಮನಸ್ಸೂ ತಡವರಿಸಿತು. ಮದುವೆಯ ಮನೆಯಲ್ಲಿ ವಧುವಿನ ತಂದೆ ಒಂದು ಮೂಲೆಯಲ್ಲಿ ಸುಮ್ಮನೆ ಗೋಡೆ ನೋಡುತ್ತ ಕುಳಿತಿರುವುದನ್ನು ನಾವೆಲ್ಲ ಕಂಡಿದ್ದೇವಲ್ಲವೇ?

ಒಬ್ಬ ಪಂಡಿತಮಿತ್ರರು ನನ್ನ ಈ ವ್ಯಾಖ್ಯಾನಕ್ಕೆ ಆಕ್ಷೇಪವೆತ್ತಿದರು. ಮೂಲದಲ್ಲಿ 'ಇವ' ಎಂಬ ಪದವಿದೆ. ಭರತನು ವ್ಯಾಕುಲನಾದಂತೆ ತೋರಿದನು, ನಿಜವಾಗಿ ಆಗಲಿಲ್ಲ ಎಂಬುದು ಅವರ ವಾದ. ವ್ಯಾಕರಣದ ಮಾತಿಗೆ ನಾನು ಎದುರಾಡಲಾರೆ. ನಾನು ಓದಿದ್ದು ಬಿ.ಕಾಂ. ಮಾತ್ರ. ಆದರೆ ತೋರಿಕೆಯಷ್ಟೇ ಆಗಿದ್ದರೆ, ಮೊದಲು ಯಾವುದು ಎಂಬ ಪ್ರಶ್ನೆಯನ್ನು ಆಚಾರ್ಯರು ಅವನಲ್ಲಿ ಏಕೆ ಹುಟ್ಟಿಸಬೇಕಿತ್ತು? ಪುತ್ರನು ಕಾಮದ ಫಲ, ಚಕ್ರವು ಅರ್ಥದ ಫಲ, ಈ ಎರಡಕ್ಕೂ ಮೂಲವಾದದ್ದು ಧರ್ಮ ಎಂದು ಅವನು ಒಂದೊಂದಾಗಿ ಎಣಿಸುತ್ತಾನೆ. ಗೊಂದಲವೇ ಇಲ್ಲದವನಿಗೆ ಈ ಎಣಿಕೆ ಬೇಕಾಗಿಲ್ಲ. ಮತ್ತೊಂದು ಸಂಗತಿಯನ್ನು ನಮ್ಮ ಪ್ರವಚನಗಳು ಹೇಳುವುದೇ ಇಲ್ಲ. ಭರತನು ಉಳಿದೆರಡು ಕಾರ್ಯಗಳನ್ನು ಕೈಬಿಡಲಿಲ್ಲ. ಸಮವಸರಣದಿಂದ ಹಿಂದಿರುಗಿದ ಬಳಿಕ ಚಕ್ರದ ಪೂಜೆಯನ್ನೂ ಪುತ್ರೋತ್ಸವವನ್ನೂ ನೆರವೇರಿಸಿದ್ದು 26ನೆಯ ಪರ್ವದ ಮೊದಲಿಗೆ ಬರುತ್ತದೆ. ನಡುವೆ ಇಡೀ ಒಂದು ಪರ್ವ ಕಳೆದಿರುತ್ತದೆ. ಹಸುಗೂಸು ಕಾದಿತು, ಚಕ್ರರತ್ನವೂ ಕಾದಿತು. ಆಚಾರ್ಯರು ಕಲಿಸುವುದು ತ್ಯಾಗವನ್ನಲ್ಲ, ಅನುಕ್ರಮವನ್ನು. 941ರಲ್ಲಿ ಇದೇ ಪುರಾಣವನ್ನು ಕನ್ನಡಕ್ಕೆ ತಂದ ಪಂಪನೂ ಇದೇ ದಾರಿಯಲ್ಲಿ ನಡೆದವನು.

ವ್ಯಾಕುಲತೆಯು ಮಿಥ್ಯಾದೃಷ್ಟಿಯ ಲಕ್ಷಣವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದಕ್ಕೆ ಶಾಸ್ತ್ರಾಧಾರವಿಲ್ಲ, ವಿರುದ್ಧವಾದ ಆಧಾರವಿದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಆರ್ತಧ್ಯಾನವನ್ನು ನಾಲ್ಕಾಗಿ ವಿಭಾಗಿಸಿದ್ದಾರೆ. ಬೇಡವಾದದ್ದು ಬಂದು ಅಂಟಿಕೊಂಡಾಗ ಅದು ತೊಲಗಲೆಂಬ ಎಡೆಬಿಡದ ಚಿಂತೆ, ಬೇಕಾದದ್ದು ಅಗಲಿದಾಗ ಅದು ಮರಳಲೆಂಬ ಚಿಂತೆ, ದೇಹದ ವೇದನೆಯ ಚಿಂತೆ, ಮುಂದಿನ ಭೋಗಗಳ ಹಂಬಲವಾದ ನಿದಾನ. ಇವು ಯಾರಿಗೆ ಉಂಟಾಗುತ್ತವೆ ಎಂಬುದನ್ನೂ ಸೂತ್ರಕಾರರು ಮುಂದೆಯೇ ಸ್ಪಷ್ಟಪಡಿಸಿದ್ದಾರೆ. ವ್ರತವಿಲ್ಲದವರಿಗೆ, ಅಣುವ್ರತಿಗಳಾದ ಶ್ರಾವಕರಿಗೆ, ಪ್ರಮಾದವಿನ್ನೂ ಉಳಿದಿರುವ ಸಂಯಮಿಗಳಿಗೂ ಇವು ಸಂಭವಿಸುತ್ತವೆ. ಸಂಯಮಿಗಳಿಗೆ ನಿದಾನವೊಂದಿಲ್ಲ ಎಂದು ವ್ಯಾಖ್ಯಾನಕಾರರು ವಿನಾಯಿತಿ ಕೊಡುತ್ತಾರೆ. ಪಿಂಛಿ ಹಿಡಿದ ಮುನಿಗಳಿಗೂ ಸಾಧ್ಯವೆಂದು ಆಚಾರ್ಯರೇ ಒಪ್ಪಿದ ಸ್ಥಿತಿಯನ್ನು, ತಕ್ಕಡಿ ಹಿಡಿದ ನಮ್ಮಂಥವರಿಗೆ ಇರಲೇಕೂಡದೆಂದು ವೇದಿಕೆಯಿಂದ ಹೇಳುವುದು ಯಾವ ನ್ಯಾಯ? ಹೀಗೆ ಹೇಳಿದಾಗ ಕೇಳುವವನ ವ್ಯಾಕುಲತೆ ಕಡಿಮೆಯಾಗುವುದಿಲ್ಲ, ಅದನ್ನು ಮುಚ್ಚಿಡುವ ಕೆಲಸವೊಂದು ಹೆಚ್ಚಾಗುತ್ತದೆ.

ಇಲ್ಲಿ ನನ್ನ ಸ್ವಂತದ ಮಾತೊಂದನ್ನು ಹೇಳಬೇಕಾಗಿದೆ. ನಮ್ಮದು ಕೊಟ್ಟೂರಿನಲ್ಲಿ ಶೇಂಗಾ, ಮೆಕ್ಕೆಜೋಳದ ದಲಾಲಿ ಅಂಗಡಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹಳ್ಳಿಗಳಿಂದ ಮಾಲು ಬರುತ್ತದೆ. ಮಳೆ ಹೋದರೆ ರೈತರ ಬಾಕಿಯೂ ನಮ್ಮ ಬಾಕಿಯೂ ಒಟ್ಟಿಗೆ ನಿಲ್ಲುತ್ತವೆ. 2016ರಲ್ಲಿ ಮಳೆ ಹೋಯಿತು. ಆ ನವೆಂಬರ್ 8ರಂದು 500, 1000 ರೂಪಾಯಿಗಳ ನೋಟುಗಳು ರದ್ದಾದವು. ಮರುವರ್ಷ ಜುಲೈ 1ರಿಂದ ಜಿ.ಎಸ್.ಟಿ. ಬಂದಿತು. ಇವುಗಳ ನಡುವೆ ನಮ್ಮ ತಾಯಿಯವರು ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಬಸದಿಯ ಜೀರ್ಣೋದ್ಧಾರದ ಲೆಕ್ಕವೂ ನನ್ನ ಬಳಿಯೇ ಇತ್ತು. ಪ್ರತಿಷ್ಠೆಯ ದಿನ ಗೊತ್ತಾಯಿತೆಂಬ ಶುಭವಾರ್ತೆಯೂ ಅದೇ ವಾರದಲ್ಲಿ ಬಂದಿತು. ನನಗೆ ಆಗ 57 ವರ್ಷ. ಎಲ್ಲವನ್ನೂ ನಿಭಾಯಿಸುತ್ತಿದ್ದೇನೆಂದೇ ನಾನು ತಿಳಿದಿದ್ದೆ. ಬೆಳಗ್ಗೆ ಎರಡು ಘಳಿಗೆ ಸಾಮಾಯಿಕಕ್ಕೆ ಕೂರುತ್ತಿದ್ದೆ. ಜಪಮಣಿ ಸರಿಯುತ್ತಿತ್ತು, ಮನಸ್ಸು ಬಾಕಿದಾರರ ಹೆಸರುಗಳನ್ನು ಎಣಿಸುತ್ತಿತ್ತು.

ಮೊದಲು ಕಂಡುಹಿಡಿದವರು ನಮ್ಮ ಅಂಗಡಿಯ ಗುಮಾಸ್ತರು. "ಸಾವ್ಕಾರ್ರೇ, ಖಿರ್ದಿಯಲ್ಲಿ ಒಂದೇ ಜಮಾ ಮೂರು ಸಲ ಬರೆದೀರಿ" ಎಂದರು. ಮೂವತ್ತು ವರ್ಷಗಳಲ್ಲಿ ಎಂದೂ ಏರುದನಿ ಮಾಡದ ನಾನು ಅವರ ಮೇಲೆ ಹಮಾಲರ ಎದುರಿಗೆ ಕೂಗಾಡಿದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು. ಊಟದ ರುಚಿ ತಿಳಿಯುತ್ತಿರಲಿಲ್ಲ. ಏಕಭುಕ್ತ ಮಾಡುತ್ತಿದ್ದೇನೆಂದು ಮನೆಯಲ್ಲಿ ಹೇಳಿದೆ, ಅದು ವ್ರತವೆಂದು ನಾನೂ ನಂಬಿದೆ. ಕೊನೆಗೆ ವಿಹಾರದಲ್ಲಿ ನಮ್ಮ ಕಡೆಗೆ ಬಂದಿದ್ದ ಒಬ್ಬ ಕ್ಷುಲ್ಲಕರ ಬಳಿಗೆ ಹೋಗಿ, ಇಚ್ಛಾಮಿ ಹೇಳಿ, ಶಾಸ್ತ್ರಜಿಜ್ಞಾಸೆಯೆಂಬಂತೆ ಕೇಳಿದೆ: "ಮಹಾರಾಜರೇ, ಗೃಹಕರ್ತವ್ಯಗಳೆಲ್ಲ ಮುಗಿದ ಶ್ರಾವಕನೊಬ್ಬನು ಅರವತ್ತರ ಒಳಗೇ ಸಲ್ಲೇಖನ ಸ್ವೀಕರಿಸಬಹುದೇ?" ಅವರು ಗ್ರಂಥವನ್ನು ಮುಚ್ಚಿ, "ಆ ಶ್ರಾವಕನಿಗೆ ರೋಗ ಯಾವುದು?" ಎಂದರು. ಯಾವುದೂ ಇಲ್ಲವೆಂದೆ. "ರಾತ್ರಿ ನಿದ್ದೆ ಬರುತ್ತದೆಯೋ?" ಎಂದರು. ನನ್ನಿಂದ ಉತ್ತರ ಹೊರಡಲಿಲ್ಲ.

ಭಗವತೀ ಆರಾಧನೆಯಲ್ಲಿ ಆಲೋಚನೆಯ, ಅಂದರೆ ಗುರುವಿನ ಮುಂದೆ ದೋಷನಿವೇದನೆಯ, ಹತ್ತು ದೋಷಗಳನ್ನು ಹೇಳಿದೆ. ಮಾನವಚಿತ್ತವನ್ನು ಇಷ್ಟು ಸೂಕ್ಷ್ಮವಾಗಿ ಅರಿತ ಪಟ್ಟಿ ಇನ್ನೊಂದನ್ನು ನಾನು ಓದಿಲ್ಲ. ಅವುಗಳಲ್ಲಿ 'ಛನ್ನ' ಎಂಬುದು ಒಂದು. ಇಂಥ ತಪ್ಪು ಯಾರಿಗಾದರೂ ಆದರೆ ಪ್ರಾಯಶ್ಚಿತ್ತವೇನು ಎಂದು, ತನ್ನದನ್ನು ಮರೆಮಾಡಿ ಕೇಳುವುದು. ನಾನು ಮಾಡಿದ್ದು ಇದನ್ನೇ. 'ಶಬ್ದಾಕುಲಿತ' ಎಂಬುದು ಇನ್ನೊಂದು. ಪಾಕ್ಷಿಕ, ಚಾತುರ್ಮಾಸಿಕ ಪ್ರತಿಕ್ರಮಣಗಳಲ್ಲಿ ಎಲ್ಲರೂ ಗಟ್ಟಿಯಾಗಿ ಹೇಳುತ್ತಿರುವಾಗ, ಗದ್ದಲದಲ್ಲಿ ಯಾರಿಗೂ ಕೇಳದಂತೆ ತನ್ನದನ್ನೂ ಹೇಳಿ ಮುಗಿಸುವುದು. ಬೀಗರ ಮನೆಯ ಪಂಕ್ತಿಯಲ್ಲಿ ಕುಳಿತು, "ಈಚೆಗೆ ಸ್ವಲ್ಪ ಟೆನ್ಷನ್ ಕಣ್ರೀ" ಎಂದು ನಗುತ್ತ ಹೇಳಿ ಪಾಯಸಕ್ಕೆ ಕೈಹಾಕುವವರು ನಮ್ಮಲ್ಲಿ ಎಷ್ಟು ಮಂದಿ! ದೊಡ್ಡದನ್ನಷ್ಟೇ ಹೇಳಿ ಸಣ್ಣದನ್ನು ಅಡಗಿಸುವುದು, ಸಣ್ಣದನ್ನಷ್ಟೇ ಹೇಳಿ ದೊಡ್ಡದನ್ನು ಅಡಗಿಸುವುದು, ಇತರರು ಕಂಡದ್ದನ್ನು ಮಾತ್ರ ಒಪ್ಪಿಕೊಳ್ಳುವುದು, ಇವೂ ಆ ಹತ್ತರಲ್ಲಿವೆ. ಮುನಿಗಳಿಗಾಗಿ ರಚಿತವಾದ ಈ ಪಟ್ಟಿಯನ್ನು ನಮ್ಮ ಮನೆಗಳಲ್ಲಿಯೂ ಓದಬೇಕೆಂಬುದು ನನ್ನ ಅಭಿಪ್ರಾಯ. ಕಷ್ಟದಲ್ಲಿರುವವನು ಸತ್ಯವನ್ನು ಹೇಳುವ ರೀತಿಯೇ ಹೀಗಿರುತ್ತದೆಂದು ತಿಳಿದವನಿಗೆ ಮಾತ್ರ ಅದು ಕೇಳಿಸುತ್ತದೆ.

ಸಲ್ಲೇಖನದ ಬಗ್ಗೆ ಇಲ್ಲಿ ಸ್ಪಷ್ಟವಾಗಿ ಬರೆಯುವುದು ಅಗತ್ಯ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪು ನೀಡಿದಾಗ ಸಮಾಜವೆಲ್ಲ ಬೀದಿಗಿಳಿಯಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಸಲ್ಲೇಖನವು ಆತ್ಮಹತ್ಯೆಯಲ್ಲವೆಂದು ನಾವು ಹೊರಗಿನವರಿಗೆ ಹೇಳಿದೆವು, ಸರಿಯಾಗಿಯೇ ಹೇಳಿದೆವು. ಆದರೆ ಅದೇ ಮಾತನ್ನು ಒಳಗಿನವರಿಗೆ ಹೇಳಿದ್ದೇವೆಯೇ? ಸಮಂತಭದ್ರ ಸ್ವಾಮಿಗಳು ರತ್ನಕರಂಡದಲ್ಲಿ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳನ್ನು ಹೆಸರಿಸಿ, ಪ್ರತೀಕಾರವಿಲ್ಲದಿದ್ದಾಗ ಮಾತ್ರ ಎಂದು ಷರತ್ತು ಹಾಕಿದ್ದಾರೆ. ಬೇಗ ಮರಣ ಬರಲೆಂದು ಬಯಸುವುದು ಸಲ್ಲೇಖನದ ಅತಿಚಾರವೆಂದು ತತ್ತ್ವಾರ್ಥಸೂತ್ರವೇ ಸಾರುತ್ತದೆ. ಸಾಲಕ್ಕೆ ಪ್ರತೀಕಾರವಿದೆ, ನಿದ್ರಾಹೀನತೆಗೆ ಪ್ರತೀಕಾರವಿದೆ. ಬದುಕು ಸಾಕೆನ್ನಿಸಿ ಆ ವ್ರತದ ಹೆಸರೆತ್ತುವವನನ್ನು ವೈರಾಗ್ಯಶಾಲಿಯೆಂದು ಹೊಗಳಕೂಡದು. ಅಂದೇ ಅವನ ಜೊತೆಗೆ ಕೂಡಬೇಕು, ಅವನನ್ನು ಒಂಟಿಯಾಗಿ ಬಿಡಕೂಡದು, ವೈದ್ಯರಲ್ಲಿಗೆ ಕರೆದೊಯ್ಯಬೇಕು. ನನ್ನನ್ನು ಹಾಗೆ ಕರೆದೊಯ್ದವರು ನನ್ನ ಮೈದುನ. ಎಂಟು ತಿಂಗಳು ಔಷಧಿ ಸೇವಿಸಿದೆ. ನಿದ್ದೆ ಬಂದ ಮೇಲೆ ಸಾಮಾಯಿಕವೂ ಬಂದಿತು.

ವೈದ್ಯರೆಂದೊಡನೆ ಬೆಂಗಳೂರಿನ ದಾರಿ ನೋಡುವ ನಮ್ಮ ತಾಲ್ಲೂಕುಗಳವರು ಮರೆತಿರುವ ಸಂಗತಿಯೊಂದಿದೆ. 1985ರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಹಳ್ಳಿಗಳ ಮಾನಸಿಕ ಆರೋಗ್ಯಸೇವೆಯ ಪ್ರಯೋಗಕ್ಕಾಗಿ ಆರಿಸಿಕೊಂಡದ್ದು ಅಂದಿನ ನಮ್ಮ ಬಳ್ಳಾರಿ ಜಿಲ್ಲೆಯನ್ನೇ. ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಮರಳಿ ಬಂದದ್ದು, ಈ ಎಲ್ಲ ತಾಲ್ಲೂಕುಗಳು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ್ದು ಆಮೇಲಿನ ಮಾತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಟ್ಟು, ಕಾಯಿಲೆಯನ್ನು ಗುರುತಿಸುವುದನ್ನೂ ಕೆಲವೇ ಔಷಧಿಗಳಿಂದ ಚಿಕಿತ್ಸೆ ನೀಡುವುದನ್ನೂ ಕಲಿಸಲಾಯಿತು. ದೊಡ್ಡ ಆಸ್ಪತ್ರೆಯಿಲ್ಲದೆಯೂ ಇದು ಸಾಧ್ಯವೆಂದು ತೋರಿದ ಈ ಪ್ರಯೋಗಕ್ಕೆ 'ಬಳ್ಳಾರಿ ಮಾದರಿ' ಎಂದೇ ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ತಳಹದಿ. ದೇಶಕ್ಕೆ ದಾರಿ ತೋರಿದ ಜಿಲ್ಲೆಯವರಾದ ನಾವು, ಆಸ್ಪತ್ರೆಯ ಮನೋವೈದ್ಯರ ಕೋಣೆಗೆ ಹೋಗಲು ಪರಿಚಿತರು ಕಂಡಾರೆಂದು ಹಿಂಜರಿಯುತ್ತೇವೆ. ಹೋಗಲಾರದವರಿಗೆ 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆಯಿದೆ; 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮತ್ತೆ ಕಾವ್ಯಗಳಿಗೆ ಬರುತ್ತೇನೆ. ವ್ಯಾಕುಲತೆಯು ದೇಹದಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆಂಬುದನ್ನು ನಮ್ಮ ರನ್ನನಷ್ಟು ಚೆನ್ನಾಗಿ ಬಲ್ಲವರು ಯಾರು? ಗದಾಯುದ್ಧದ ದುರ್ಯೋಧನನು ಭೀಷ್ಮರ ಮಾತಿನಂತೆ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾಗ, ಭೀಮನ ಗರ್ಜನೆ ಕೇಳಿ ನೀರಿನ ನಡುವೆಯೇ ಬೆವರುತ್ತಾನೆ. ಭೀಷ್ಮರ ಸಲಹೆ ಒಂದು ದಿನ ತಡೆದುಕೊಳ್ಳೆಂಬುದಷ್ಟೇ. ಬಲರಾಮನೂ ಅಶ್ವತ್ಥಾಮ ಮೊದಲಾದವರೂ ಬಂದು ಕೂಡಿಕೊಳ್ಳುತ್ತಿದ್ದರು. ಆ ಒಂದು ದಿನ ಅವನಿಂದಾಗಲಿಲ್ಲ. ವಿಮರ್ಶಕರು ಇದನ್ನು ಛಲವೆಂದು ಮೆಚ್ಚುತ್ತಾರೆ. ನನಗೆ ಈಗ ಅಲ್ಲಿ ಕಾಣುವುದು ನಿದ್ದೆಗೆಟ್ಟ ಒಬ್ಬ ಮನುಷ್ಯ.

ಮೂಡುಬಿದಿರೆಯ ರತ್ನಾಕರವರ್ಣಿಯ ಭರತೇಶ ವೈಭವದ ವಿಷಯದಲ್ಲಿ ನನ್ನ ತಕರಾರು ಸ್ವಲ್ಪ ಬೇರೆ ಬಗೆಯದು. ಹದಿನಾರನೆಯ ಶತಮಾನದ ಈ ಸಾಂಗತ್ಯಕಾವ್ಯದ ಭೋಗವಿಜಯದಲ್ಲಿ ಚಕ್ರವರ್ತಿಯ ದಿನಚರಿ ಸಂಧಿಯ ಮೇಲೆ ಸಂಧಿಯಾಗಿ ಹರಿಯುತ್ತದೆ. ಆಸ್ಥಾನ, ಮುನಿಗಳಿಗೆ ಆಹಾರದಾನ, ರಾಣಿಯರ ಸಲ್ಲಾಪ, ಆತ್ಮಧ್ಯಾನ, ಒಂದಕ್ಕೊಂದು ತಾಗದಂತೆ ಎಲ್ಲವೂ ನಡೆಯುತ್ತವೆ. ಓದಲು ಬಲು ಸೊಗಸು. ಆದರೆ ಮೂರು ಕಡೆ ಬಾಕಿಯಿರುವವನು ಇದನ್ನು ಓದಿದರೆ ತನ್ನಲ್ಲೇ ಏನೋ ಊನವಿದೆಯೆಂದು ಕುಗ್ಗುತ್ತಾನೆ. ನಾನು ಕುಗ್ಗಿದೆ. ನಮ್ಮ ಸಭೆಗಳಲ್ಲಿ ಓದುವವರು ಸಾಮಾನ್ಯವಾಗಿ ಈ ಭಾಗದಲ್ಲಿಯೇ ತಂಗುತ್ತಾರೆ, ಮುಂದಕ್ಕೆ ಹೋಗುವುದಿಲ್ಲ. ಮುಂದೆ ಅದೇ ಭರತನ ನೂರು ಮಂದಿ ಕುಮಾರರು ದೀಕ್ಷೆ ವಹಿಸಿದ ಸುದ್ದಿ ಬರುತ್ತದೆ. ಯೋಗಿಯೆಂದು ಕವಿಯು ಅಷ್ಟು ಕೊಂಡಾಡಿದ ಆ ತಂದೆ ದುಃಖದಲ್ಲಿ ಮುಳುಗುತ್ತಾನೆ. ಮಕ್ಕಳು ಕೈಗೊಂಡದ್ದು ಪರಮಶ್ರೇಷ್ಠ ಕಾರ್ಯವೆಂದು ಬಲ್ಲವನಿಗೂ ಆ ಶೋಕ ತಪ್ಪಲಿಲ್ಲ. ರತ್ನಾಕರನು ಅದನ್ನು ಮರೆಸಲಿಲ್ಲ. ಮರೆಸಿದವರು ಓದುಗರಾದ ನಾವು.

ಇನ್ನು ಸ್ಥಿತೀಕರಣ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಇದು ಒಂದು. ತಡವರಿಸುವವನನ್ನು ಮತ್ತೆ ನೆಲೆಗೆ ನಿಲ್ಲಿಸುವುದು. ಉದಾಹರಣೆಗೆ ವಾರಿಷೇಣಮುನಿಯ ಕಥೆಯನ್ನು ಹೇಳುತ್ತಾರೆ. ಅವನ ಗೆಳೆಯನಾದ ಪುಷ್ಪದಾಲನು ದಾಕ್ಷಿಣ್ಯದಿಂದಲೇ ಮುನಿಯಾಗಿ, ಹನ್ನೆರಡು ವರ್ಷ ಮನೆಯಲ್ಲಿ ಬಿಟ್ಟು ಬಂದ ಹೆಂಡತಿಯನ್ನೇ ಒಳಗೊಳಗೆ ನೆನೆಯುತ್ತಾನೆ. ಒಂದು ದಿನ ವಿರಹಿಣಿಯ ಹಾಡೊಂದು ಕಿವಿಗೆ ಬಿದ್ದು ಹೊರಟೇಬಿಡುತ್ತಾನೆ. ವಾರಿಷೇಣನು ಗದರಿಸುವುದಿಲ್ಲ, ಸಂಘದಲ್ಲಿ ದೂರುವುದಿಲ್ಲ. ಅವನ ಜೊತೆಗೇ ನಡೆದು, ತನ್ನ ತಾಯಿ ಚೇಲಿನಿಯ ಅರಮನೆಗೆ ಕರೆತಂದು, ತಾನು ತೊರೆದ ಪತ್ನಿಯರನ್ನೂ ಐಶ್ವರ್ಯವನ್ನೂ ತೋರಿಸಿ, ಬೇಕಾದರೆ ಇವನ್ನೆಲ್ಲ ನೀನೇ ಸ್ವೀಕರಿಸೆನ್ನುತ್ತಾನೆ. ಪುಷ್ಪದಾಲನು ನಾಚಿ ಸ್ಥಿರನಾಗುತ್ತಾನೆ. ಪ್ರವಚನಗಳಲ್ಲಿ ಆ ನಾಚಿಕೆಗೇ ಒತ್ತು. ನನಗೆ ಮುಖ್ಯವೆನಿಸುವುದು ಜೊತೆಗೆ ನಡೆದದ್ದು. ಮತ್ತು ಹನ್ನೆರಡು ವರ್ಷ ಒಂದೇ ಸಂಘದಲ್ಲಿ ಮಲಗಿ ಎದ್ದವರಿಗೆ ಅವನ ಸ್ಥಿತಿ ತಿಳಿಯದೆ ಹೋದದ್ದು.

ಈ ಕಥೆಯಲ್ಲಿ ಒಂದು ದೊಡ್ಡ ಕೊರತೆಯೂ ಇದೆ. ಅದನ್ನು ತೋರಿಸಿಕೊಟ್ಟವರು ನಮ್ಮ ಮನೆಯವರು. ಈ ಲೇಖನದ ಕರಡನ್ನು ಓದಿ ಕೇಳಿಸಿದಾಗ, "ಆ ಹೆಂಡ್ತಿ ಸೋಮಿಲ್ಲೆ ಹನ್ನೆರಡು ವರ್ಷ ಹೆಂಗಿದ್ಲಂತೆ?" ಎಂದು ಕೇಳಿದರು. ಕಥೆಯಲ್ಲಿ ಅದಕ್ಕೆ ಉತ್ತರವಿಲ್ಲ. ಅವಳನ್ನು ಸ್ಥಿರಗೊಳಿಸಲು ಯಾವ ವಾರಿಷೇಣನೂ ಹೋಗಲಿಲ್ಲ. ದಶಲಕ್ಷಣದ ಹತ್ತು ದಿನಗಳಲ್ಲಿ ಮಡಿಯ ಅಡಿಗೆ, ಸೂರ್ಯಾಸ್ತದೊಳಗೆ ಎಲ್ಲರ ಊಟ, ಹಾಸಿಗೆ ಹಿಡಿದ ಅತ್ತೆಯ ಸೇವೆ, ಬಂದ ನೆಂಟರು, ಮಕ್ಕಳ ಪರೀಕ್ಷೆ, ಇಷ್ಟನ್ನೂ ಹೊತ್ತು ತಾವೂ ಉಪವಾಸವಿರುವ ನಮ್ಮ ಸೊಸೆಯಂದಿರನ್ನು ನಾವು ಧರ್ಮಪರಾಯಣೆಯರೆಂದು ಹೊಗಳಿ ಮುಗಿಸುತ್ತೇವೆ. ನನ್ನ ಕಷ್ಟದ ವರ್ಷದಲ್ಲಿ ನಮ್ಮ ತಾಯಿಯವರನ್ನು ಎತ್ತಿ ಕೂರಿಸಿ ಉಣಿಸಿದವರು ಯಾರೆಂದು ಈ ಲೇಖನದಲ್ಲಿ ನಾನೇ ಇದುವರೆಗೆ ಬರೆದಿರಲಿಲ್ಲ.

ಟ್ರಸ್ಟುಗಳವರಿಗೆ ಒಂದು ಮಾತು. ನಮ್ಮ ಬಸದಿಗಳಲ್ಲಿ ಲೆಕ್ಕ, ಪೂಜೆಯ ಏರ್ಪಾಡು, ವಿಹಾರದ ಮುನಿಗಳ ವ್ಯವಸ್ಥೆ, ಎಲ್ಲವನ್ನೂ ಒಬ್ಬನೇ ಪುಣ್ಯಾತ್ಮನ ಹೆಗಲಿಗೆ ಏರಿಸಿ, ಅವನಿಗೆ ವರ್ಷಕ್ಕೊಮ್ಮೆ ಶಾಲು ಹೊದಿಸುವುದು ವಾಡಿಕೆ. ಜಿನಸೇನಾಚಾರ್ಯರು ತಮ್ಮ ಮಹಾಪುರಾಣವನ್ನು ತಾವೇ ಮುಗಿಸಲಿಲ್ಲ. 42 ಪರ್ವಗಳೂ ಮುಂದಿನದರ ಕೆಲವು ಶ್ಲೋಕಗಳೂ ಆದ ಮೇಲೆ ಉಳಿದದ್ದನ್ನು ಶಿಷ್ಯರಾದ ಗುಣಭದ್ರರು ಪೂರೈಸಿದರು; ಅದರಿಂದ ಗ್ರಂಥದ ಗೌರವಕ್ಕೆ ಕುಂದು ಬರಲಿಲ್ಲ. ನಾನು ಜೀರ್ಣೋದ್ಧಾರದ ಲೆಕ್ಕವನ್ನು ಇಬ್ಬರು ತರುಣರಿಗೆ ಒಪ್ಪಿಸಿದಾಗ ಕೆಲವರು ಬೇಸರಪಟ್ಟರು. ಪ್ರತಿಷ್ಠೆ ಗೊತ್ತಾದ ದಿನದಂದೇ ನಡೆಯಿತು. ತರುಣರ ಲೆಕ್ಕ ನನ್ನದಕ್ಕಿಂತ ಚೊಕ್ಕಟವಾಗಿತ್ತು. ನನ್ನ ಪುಸ್ತಕದಲ್ಲಿ ಅವರು ನಾಲ್ಕು ತಪ್ಪುಗಳನ್ನು ಕಂಡುಹಿಡಿದರು.

ಕಳೆದ ಭಾದ್ರಪದದಲ್ಲಿ ಭರತನ ಪ್ರಸಂಗ ಬಂದಾಗ, ಆ ಪರ್ಯಾಕುಲತೆಯ ಶ್ಲೋಕವನ್ನೂ ಓದಿ ಅರ್ಥ ಹೇಳಬೇಕೆಂದು ಪ್ರವಚನಕಾರರನ್ನು ವಿನಂತಿಸಿದೆ. ಅವರು ಸಂತೋಷದಿಂದಲೇ ಓದಿದರು. ಸಭೆಯಲ್ಲಿ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಹಿರಿಯ ಶ್ರಾವಿಕೆಯೊಬ್ಬರು, "ಆ ಕ್ಷಣ ಅಂದ್ರೆ ಎಷ್ಟ್ ಹೊತ್ತು, ಸ್ವಾಮಿ?" ಎಂದು ಕೇಳಿದರು. ಪ್ರವಚನಕಾರರು ಗ್ರಂಥವನ್ನು ಮತ್ತೊಮ್ಮೆ ನೋಡಿ, ಅಷ್ಟನ್ನು ಆಚಾರ್ಯರು ಬರೆದಿಲ್ಲವೆಂದರು.